ಯಜಮಾನನಿಲ್ಲದ ಕೆರೆಗಳು



ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ ಐದನೆಯ ಸಂಪುಟವಾಗಿ ಹೊರತಂದರು. ಅದನ್ನು ತಿರುವುತ್ತ ಹೋದರೆ ಕೆರೆ ಕಟ್ಟಿಸಿದ ದಂಡನಾಯಕರು, ಹೆಗ್ಗಡೆಗಳು, ಗೌಡರು ಹೆಸರು ಸಮೇತ ಸಿಗುತ್ತಾರೆ. ಕಟ್ಟಿದ ಮೇಲೆ ಆ ಕೆರೆಯನ್ನು ತಲೆತಲಾಂತರ ಉಳಿಸಿಕೊಂಡವರ ಹೆಸರು ಸಿಗುವುದು ಅಪರೂಪ. ದಂಡನಾಯಕ ತೀರಿಕೊಂಡ, ರಾಜ್ಯವೇ ಹೋಯಿತು, ಕೆರೆಯಲ್ಲಿ ಮಾತ್ರ ನೀರು ನಿಂತಿತು. ಗಟ್ಟಿ ಯಜಮಾನನೊಬ್ಬ ಇಲ್ಲದೆ ಇದು ಹೇಗೆ ನಡೆಯಿತು?

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಬನ್ನಿ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಅಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದ. ಊರು ವಿಜಯಸೋಮನಾಥಪುರ ಎಂಬ ಅಗ್ರಹಾರವಾಯಿತು. ಅಗ್ರಹಾರಗಳ ವ್ಯವಹಾರ ನಡೆಸುತ್ತಿದ್ದವರು ಮಹಾಜನರು. ಭೂಮಿ ಮಾರುವಾಗ, ದತ್ತಿ ಹಿಡಿಯುವಾಗ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು 'ಅಶೇಷ ಮಹಾಜನಂಗಳು' ಎಂಬ ಒಕ್ಕಣೆ. ಒಬ್ಬನ ಮಾತಲ್ಲ, ಎಲ್ಲರದೂ. ಆದರೆ ಈ ಎಲ್ಲರೊಳಗೆ ಎಲ್ಲರೂ ಇರಲಿಲ್ಲ ಎನ್ನುವುದನ್ನು ಹೇಳದೆ ಮುಂದೆ ಹೋಗಲಾರೆ. ಮಹಾಜನರೆಂದರೆ ಭೂಮಿ ಪಡೆದ ಬ್ರಾಹ್ಮಣರು. ಏರಿಗೆ ಮಣ್ಣು ಹೊತ್ತವರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ.

ಕೆರೆಯ ವಿಷಯದಲ್ಲಿ ಮಹಾಜನರು ಮಾಡಿದ ಏರ್ಪಾಡು ಮಾತ್ರ ಜಾಣತನದ್ದು. ಕೆರೆಗೊಡಗೆ ಎಂದು ಒಂದಿಷ್ಟು ಗದ್ದೆಯನ್ನು ತೆಗೆದಿಡುತ್ತಿದ್ದರು. ಅದರ ಹುಟ್ಟುವಳಿ ಕೆರೆಯ ದುರಸ್ತಿಗೇ ಸಲ್ಲಬೇಕು. ಹೂಳು ಹೊರುವ ಬಂಡಿಯ ಖರ್ಚಿಗೆ ಬೇರೆಯಾಗಿಯೇ ದತ್ತಿ ಬಿಟ್ಟದ್ದುಂಟು. ಯಾರ ಉದಾರತೆಯನ್ನೂ ಪ್ರತಿ ವರ್ಷ ಕಾಯಬೇಕಾಗಿರಲಿಲ್ಲ.

ಇಂಥ ಏರ್ಪಾಡು ಕೆರೆಗೆ ಮಾತ್ರ ಮೀಸಲಾಗಿರಲಿಲ್ಲ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದವನು ಅರಸ, ಅದೇನೋ ನಿಜ. ಆದರೆ ರಾಜಿ ಬಾಳಲಿ ಎಂದು ಇಟ್ಟ ಕಟ್ಟಳೆ ನೋಡಿ: ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣ. ಅದರಲ್ಲಿ ಗೊಮ್ಮಟನ ಕಾವಲಿಗೆ 20 ಆಳು. ಆ ಆಳುಗಳನ್ನು ನೇಮಿಸಬೇಕಾದವರು ಶ್ರೀವೈಷ್ಣವರ ಕಡೆಯವರು. ಉಳಿದ ಹಣ ಹಾಳುಬಿದ್ದ ಬಸದಿಗಳ ದುರಸ್ತಿಗೆ. ಹಣ ಒಬ್ಬರದು, ಕಾವಲಿನ ಹೊಣೆ ಇನ್ನೊಬ್ಬರದು.

ಇನ್ನು ನೀರುಗಂಟಿ. ಹಾಸನ ಸೀಮೆಯ ಹಿರಿಯರಿಗೆ ಈ ಹೆಸರು ಹೊಸದಲ್ಲ. ತೂಬು ಎತ್ತುವುದು, ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ತಿರುಗಿಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡಿ ಎಲ್ಲಿ ಜಿನುಗುತ್ತಿದೆ ಎಂದು ನೋಡುವುದು ಅವನ ಕೆಲಸ. ಎಷ್ಟೋ ಊರುಗಳಲ್ಲಿ ಅವನಿಗೆ ಅಚ್ಚುಕಟ್ಟಿನಲ್ಲಿ ದೊಡ್ಡ ಹಿಡುವಳಿ ಇರುತ್ತಿರಲಿಲ್ಲ. ನೀರು ಹಂಚುವ ಕೈಗೆ ಸ್ವಂತದ ಆಸೆ ಕಡಿಮೆ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಪ್ರತಿ ರೈತನೂ ಅವನಿಗೆ ಆಯ ಕೊಡಬೇಕಿತ್ತು. ಒಬ್ಬರೇ ಸಂಬಳ ಕೊಡುವವರಾಗಿದ್ದರೆ ಅವರ ಗದ್ದೆಗೇ ಮೊದಲು ನೀರು ಹರಿಯುತ್ತಿತ್ತೇನೋ. ಊರಿಗೆ ಗೌಡನಿದ್ದ, ಶಾನುಭೋಗನಿದ್ದ. ಆದರೆ ತೂಬಿನ ಮುಂದೆ ನೀರುಗಂಟಿಯ ಮಾತು ನಡೆಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಎಷ್ಟು ಗದ್ದೆಗೆ ನಾಟಿ ಎಂದು ಮೊದಲೇ ಕೂತು ತೀರ್ಮಾನಿಸುತ್ತಿದ್ದರು. ಜಗಳವಾಗುತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಆಗುತ್ತಿತ್ತು.

ನದಿಯ ನಾಲೆಯ ಕಥೆ ಬೇರೆ. ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ, ಹೊಳೆನರಸೀಪುರದ ಕಡೆ ಶ್ರೀರಾಮದೇವರ ಕಟ್ಟೆಯಲ್ಲಿ ಹೇಮಾವತಿಗೆ ಹಳೆಯ ಅಣೆಗಳಿವೆ. ಅಂಥ ನಾಲೆ ಊರೂರು ದಾಟಿ ಹೋಗುತ್ತದೆ. ಮುಖ ನೋಡದವರ ನಡುವೆ ಮಾತು ಕಟ್ಟುವುದು ಕಷ್ಟ. ಅಲ್ಲಿ ಸರ್ಕಾರದ ಕೈ ಬೇಕಾಗುತ್ತದೆ.

ಮುಂದೆ ಕೆರೆಗಳಿಗೂ ಸರ್ಕಾರದ ಕೈ ಚಾಚಿತು. 1831ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತಕ್ಕೆ ಹೋಯಿತು, 1856ರಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಮೈಸೂರು ಸೀಮೆಯಲ್ಲಿ ಕೆರೆಗಳು ಎಷ್ಟಿವೆಯೆಂದರೆ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದಲ್ಲಿ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದರು. ಆದರೆ ದುರಸ್ತಿ ಇಲಾಖೆಯದಾದ ಮೇಲೆ ಕೆರೆಯೂ ಇಲಾಖೆಯದೇ ಎಂಬ ಭಾವನೆ ಬಂದುಬಿಟ್ಟಿತು. 1911ರಲ್ಲಿ ಕೆರೆ ಪಂಚಾಯಿತಿ ಕಾಯಿದೆ ತಂದು ಊರವರನ್ನು ಮತ್ತೆ ಕರೆಯಬೇಕಾಯಿತು. ಇಲಾಖೆಗಿಂತ ದೊಡ್ಡ ಪೆಟ್ಟು ಕೊಳವೆಬಾವಿಯದು. ಚನ್ನರಾಯಪಟ್ಟಣದ ತೆಂಗಿನ ತೋಟದವನಿಗೆ ಸ್ವಂತ ಮೋಟಾರಿನ ಗುಂಡಿ ಸಿಕ್ಕಮೇಲೆ ಏರಿಯ ಚಿಂತೆ ಏಕೆ? 2002ರಿಂದೀಚೆಗೆ ವಿಶ್ವಬ್ಯಾಂಕಿನ ಸಾಲದಲ್ಲಿ ರಾಜ್ಯದ ಹಲವು ಕಡೆ ಕೆರೆ ಬಳಕೆದಾರರ ಸಂಘಗಳಾದವು. ಅಧ್ಯಕ್ಷ, ಕಾರ್ಯದರ್ಶಿ, ಬ್ಯಾಂಕ್ ಖಾತೆ ಎಲ್ಲ ಬಂತು. ನೀರನ್ನೇ ನೆಚ್ಚಿದವರು ಇಲ್ಲದ ಕಡೆ ಅಧ್ಯಕ್ಷ ಏನು ಮಾಡಿಯಾನು?

ಜಗತ್ತಿನ ಇಂಥ ಊರೊಟ್ಟಿನ ಏರ್ಪಾಡುಗಳನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಳಸುವವರೇ ಕಟ್ಟಳೆ ಮಾಡಬೇಕು, ಕಾಯುವವನು ಬಳಸುವವರಿಗೇ ಉತ್ತರ ಹೇಳಬೇಕು ಎನ್ನುವುದು ಅವರು ಕಂಡದ್ದರಲ್ಲಿ ಮುಖ್ಯವಾದದ್ದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಈಗಿನ ಕಾಲದ ಅಂಥದೇ ಊರು. ಚರ್ಚೆಯ ಜಾಗಕ್ಕೆ ಅಲ್ಲಿನವರು ಇಟ್ಟ ಹೆಸರು ಅರಳಿಕಟ್ಟೆ. ಲೇಖನಕ್ಕೆ ಒಡೆಯನಿಲ್ಲ; ಯಾರೋ ಕೆಡಿಸಿದರೆ ಮೊದಲು ಕಂಡವರು ಸರಿಪಡಿಸುತ್ತಾರೆ. ಆದರೆ ರಾತ್ರಿ ಕೂತು ತಿದ್ದುವ ಅಲ್ಲಿಯ ನೀರುಗಂಟಿಗೆ ಯಾವ ಕಣದಿಂದಲೂ ಆಯ ಬರುವುದಿಲ್ಲ. ಅವನು ದಣಿದು ಎದ್ದುಹೋದರೆ ಇನ್ನೊಬ್ಬ ಬರುವವರೆಗೆ ತೂಬು ಹಾಗೆಯೇ ಇರುತ್ತದೆ. ಈ ಒಂದು ಲೆಕ್ಕದಲ್ಲಿ ನಮ್ಮ ಹಳೆಯ ಹಳ್ಳಿಗಳೇ ಮುಂದಿದ್ದವು ಎಂದು ನನಗನ್ನಿಸುತ್ತದೆ.