ಡ್ರಾಯಿಂಗ್ ಮೇಷ್ಟ್ರ ಗೋಡೆ

ಇಂದು ಪದವಿ ಪಡೆದ ಕಲಾ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಹಲವರು ಯಾವುದಾದರೂ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರೋ ಟೀಚರೋ ಆಗುತ್ತೀರಿ. ಅದನ್ನು ಹೇಳುವಾಗ ನಮ್ಮವರ ದನಿ ಯಾಕೋ ತಗ್ಗುತ್ತದೆ. ಕಲಾವಿದನಾಗಲು ಹೊರಟು ಮೇಷ್ಟ್ರಾದ ಎನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಮೆರಿಕದ ಚಿತ್ರಕಾರ ಜಾನ್ ಬಿಗರ್ಸ್ ನೆನಪಾಗುತ್ತಾರೆ.

1924ರಲ್ಲಿ ನಾರ್ತ್ ಕರೋಲಿನಾದ ಗ್ಯಾಸ್ಟೋನಿಯಾದಲ್ಲಿ ಹುಟ್ಟಿದ ಈ ಕಪ್ಪು ಹುಡುಗ ಹ್ಯಾಂಪ್ಟನ್ ಸಂಸ್ಥೆಗೆ ಹೋದದ್ದು ಪ್ಲಂಬಿಂಗ್ ಕಲಿಯಲು. (ಇಲ್ಲಿರುವ ಅಪ್ಪಂದಿರು ಖಂಡಿತ ಒಪ್ಪುತ್ತಿದ್ದರು.) ನಾಜಿಗಳ ಕಾಟಕ್ಕೆ ಆಸ್ಟ್ರಿಯಾ ಬಿಟ್ಟು ಬಂದಿದ್ದ ಯಹೂದಿ ಗುರು ವಿಕ್ಟರ್ ಲೋವೆನ್‌ಫೆಲ್ಡ್ ಅಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಆ ತರಗತಿ ಹೊಕ್ಕ ಮೇಲೆ ಕೊಳಾಯಿ ಕೆಲಸ ಮರೆತೇಹೋಯಿತು.

1949ರಲ್ಲಿ ಹ್ಯೂಸ್ಟನ್‌ಗೆ ಬಂದು, ಈಗಿನ ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯದಲ್ಲಿ ಕಲಾ ವಿಭಾಗ ಕಟ್ಟಿದರು. ಮರುವರ್ಷ, ಮಕ್ಕಳನ್ನು ಮಡಿಲಿಗೆ ಸೆಳೆದುಕೊಂಡ ತಾಯಿಯ ರೇಖಾಚಿತ್ರ ‘ದಿ ಕ್ರೇಡಲ್’ಗೆ ನಗರದ ಕಲಾ ಸಂಗ್ರಹಾಲಯದ ಬಹುಮಾನ ಬಂತು. ಆದರೆ ಕಪ್ಪು ಜನರಿಗೆ ಅಲ್ಲಿ ಪ್ರವೇಶವಿದ್ದದ್ದು ಗುರುವಾರ ಮಾತ್ರ. ಬಹುಮಾನದ ಸಮಾರಂಭಕ್ಕೆ ಬಹುಮಾನ ಗೆದ್ದವರೇ ಹೋಗುವಂತಿರಲಿಲ್ಲ.

ಯಾರ ಅಪ್ಪಣೆಯೂ ಬೇಡದ ಕಡೆ ಅವರ ಚಿತ್ರಗಳು ನಿಂತವು. 1953ರಲ್ಲಿ ಕಪ್ಪು ಜನರ ಬಡಾವಣೆಯಾದ ಥರ್ಡ್ ವಾರ್ಡ್‌ನಲ್ಲಿ, ಬ್ಲೂ ಟ್ರಯಾಂಗಲ್ ಮಹಿಳಾ ಕೇಂದ್ರದ ಗೋಡೆಗೆ ಕಪ್ಪು ಹೆಣ್ಣುಮಕ್ಕಳು ನಾಡಿಗೆ ಕೊಟ್ಟದ್ದನ್ನು ಬರೆದರು. ಗುಲಾಮರನ್ನು ಪಾರುಮಾಡಿದ ಹ್ಯಾರಿಯಟ್ ಟಬ್‌ಮನ್ ಅದರಲ್ಲಿದ್ದಾರೆ. ಆ ಗೋಡೆಯೇ ಅವರ ಪಿಎಚ್.ಡಿ.ಗೂ ವಸ್ತುವಾಯಿತು. ಮುಂದಿನ ದಶಕಗಳ ‘ಶಾಟ್‌ಗನ್ಸ್’ ಚಿತ್ರವನ್ನು ಹತ್ತಿರದಿಂದ ನೋಡಿ: ಶಾಟ್‌ಗನ್ ಎಂದು ಕರೆಯುವ ಬಡವರ ಸಾಲುಮನೆಗಳ ಮಾಡುಗಳು ಕೌದಿಯ ತೇಪೆಗಳ ಹಾಗೆ ಒಂದಕ್ಕೊಂದು ಹೊಲಿದುಕೊಂಡಿವೆ, ಜಗಲಿಗಳಲ್ಲಿ ಹೆಂಗಸರು ಕಂಬಗಳಷ್ಟೇ ನೆಟ್ಟಗೆ ನಿಂತಿದ್ದಾರೆ.

ನನಗೆ ಇದೆಲ್ಲಕ್ಕಿಂತ ದೊಡ್ಡದೆನಿಸುವುದು ಅವರ ಒಂದು ನಿಯಮ. ಪದವಿ ಬೇಕಾದ ಕಲಾ ವಿದ್ಯಾರ್ಥಿ ವಿಶ್ವವಿದ್ಯಾಲಯದ ಹ್ಯಾನಾ ಹಾಲ್‌ನ ಗೋಡೆಯ ಮೇಲೆ ಒಂದು ಭಿತ್ತಿಚಿತ್ರ ಬರೆಯಲೇಬೇಕಿತ್ತು. ಅದು ಆಡಳಿತ ಕಚೇರಿಗಳ ಕಟ್ಟಡ. ಕಲೆಯ ಗಂಧಗಾಳಿ ಇಲ್ಲದವರೂ ಅರ್ಜಿ, ಕಡತ ಹಿಡಿದು ಓಡಾಡುವ ಜಾಗ. ನಮ್ಮ ಪದವಿ ಪ್ರದರ್ಶನಗಳನ್ನು ನೋಡಿ: ಸ್ನೇಹಿತರು ಬಂದು ಭೇಷ್ ಎನ್ನುತ್ತಾರೆ, ಮೊಳೆ ಕಿತ್ತು ಕ್ಯಾನ್ವಾಸ್ ಮನೆಗೆ ಒಯ್ಯುತ್ತೇವೆ. ಗೋಡೆಯ ಮೇಲಿನದು ಚೆನ್ನಾಗಿಲ್ಲದಿದ್ದರೆ ಮರುದಿನವೂ ಅಲ್ಲೇ ಇರುತ್ತದೆ. ಬರೆದವರು ಅದರ ಮುಂದೆಯೇ ನಡೆದುಹೋಗಬೇಕು. ಇಂಥ ಪಾಠವನ್ನು ಯಾವ ಪಠ್ಯಕ್ರಮ ಕೊಟ್ಟೀತು?

1983ರಲ್ಲಿ ನಿವೃತ್ತರಾದ ಬಿಗರ್ಸ್ 2001ರಲ್ಲಿ ತೀರಿಕೊಂಡರು. 2017ರ ಹಾರ್ವೆ ಚಂಡಮಾರುತದ ಮಳೆಗೆ ಬ್ಲೂ ಟ್ರಯಾಂಗಲ್‌ನ ಮಾಡು ಸೋರಿ, ಆ ಭಿತ್ತಿಚಿತ್ರಕ್ಕೆ ಬೂಷ್ಟು ಹಿಡಿಯಿತು. ಅದನ್ನು ಉಳಿಸಲು ಹಣ ಕೂಡಿಸಿ ಓಡಾಡಿದವರಲ್ಲಿ ಅದೇ ಬಡಾವಣೆಯ ಜನ ಮುಂದಿದ್ದರು.

ನೀವು ಸೇರುವ ಶಾಲೆಯಲ್ಲೂ ಒಂದು ಖಾಲಿ ಗೋಡೆ ಇದ್ದೇ ಇರುತ್ತದೆ. ಹೆಡ್‌ಮಾಸ್ಟರರ ಒಪ್ಪಿಗೆ ಆಮೇಲೆ ಕೇಳಿ. ಮೊದಲು ಮಳೆಗಾಲದಲ್ಲಿ ಅದಕ್ಕೆ ನೀರಿಳಿಯುತ್ತದೆಯೋ ಎಂದು ಅಲ್ಲಿನ ಜವಾನರನ್ನು ವಿಚಾರಿಸಿ.