ಟೋಪಿ ಹೊತ್ತ ಜೇಡ

ಮಹಾಕೂಟಕ್ಕೆ ಬಂದವರು ಮೊದಲು ವಿಷ್ಣು ಪುಷ್ಕರಣಿಗೆ ಇಳಿಯುತ್ತಾರೆ. ನಾನು ಮಾತ್ರ ಅಲ್ಲಿಯವರೆಗೆ ಮುಟ್ಟುವುದೇ ಮಧ್ಯಾಹ್ನಕ್ಕೆ. ಬಾದಾಮಿಯಿಂದ ಗುಡ್ಡದ ಕಾಲುದಾರಿ ಹಿಡಿದು ಬರುವಾಗ, ಗುಡಿಗಳ ಶಿಖರ ಕಾಣುವ ಮುಂಚೆಯೇ ಯಾವುದಾದರೂ ಮುಳ್ಳುಕಂಟಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತೇನೆ. ದನ ಹೊಡೆದುಕೊಂಡು ಹೋಗುವವರು ನಿಂತು ಕೇಳುತ್ತಾರೆ, "ಏನ್ ಕಳಕೊಂಡ್ರೀ ಸರ?" ಜೇಡರ ಹುಳ ನೋಡಾಕತ್ತೀನಿ ಅಂದರೆ ನಕ್ಕು ಮುಂದೆ ಹೋಗುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಅಲ್ಲಿ ಕಾಣುವುದು ಹೆಚ್ಚಾಗಿ ಸಹಿ ಜೇಡ. ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನ ಹಾಗೆ ಬಲೆಯ ನಡುವೆ ತಲೆಕೆಳಗಾಗಿ ಕೂತಿರುತ್ತದೆ. ಕಾಲಿನ ಗುಂಟ ಬಿಳಿ ನೂಲಿನ ಅಂಕುಡೊಂಕು ಗೀಟು. ಯಾರೋ ಅವಸರದಲ್ಲಿ ಸಹಿ ಗೀಚಿ ಹೋದ ಹಾಗೆ. ಅದರಲ್ಲೊಂದು ಜಾತಿಗೆ 1887ರಲ್ಲಿ ಸ್ವೀಡನ್ನಿನ ಥೋರೆಲ್ ಇಟ್ಟ ಹೆಸರು ಆರ್ಜಿಯೋಪೆ ಅನಸುಜ. ಸ್ವೀಡನ್ನಿನವರ ಬರವಣಿಗೆಯಲ್ಲಿ 'ಜೆ' ಅಕ್ಷರಕ್ಕೆ 'ಯ' ಎಂಬ ಉಚ್ಚಾರ. ಹಾಗೆ ಓದಿಕೊಂಡಾಗಲೆಲ್ಲ ನನಗೆ ಶಕುಂತಲೆಯ ಗೆಳತಿ ಅನಸೂಯೆಯೇ ಬಂದು ಕೂತಂತಾಗುತ್ತದೆ.

ನಮ್ಮಪ್ಪ ಗುಳೇದಗುಡ್ಡದಲ್ಲಿ ಕುಣಿ ಮಗ್ಗದ ಮೇಲೆ ಖಣ ನೇಯುತ್ತಿದ್ದ. ಹಬ್ಬಕ್ಕೆ ಮನೆ ಬಳಿಯುವಾಗ ಅವ್ವ ಕಸಬರಿಗೆ ತಗೊಂಡು ಮೂಲೆಯ ಬಲೆಗಳನ್ನೆಲ್ಲ ತೆಗೆಯುತ್ತಿದ್ದಳು. ಮಗ್ಗದ ಮೇಲಿನ ಬಲೆಗೆ ಮಾತ್ರ ಅಪ್ಪ ಕೈ ಹಚ್ಚಗೊಡುತ್ತಿರಲಿಲ್ಲ. "ಅದೂ ನಮ್ಮ ಮಂದೀನ, ಇರ್ಲಿ ಬಿಡು" ಅನ್ನುತ್ತಿದ್ದ. ಚೇಷ್ಟೆ ಅಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ನಿಘಂಟು ತೆಗೆದು ನೋಡಿದರೆ, ಕನ್ನಡದಲ್ಲಿ ಜೇಡ ಅಂದರೆ ಹುಳವೂ ಹೌದು, ನೇಕಾರನೂ ಹೌದು. ಮುದನೂರಿನ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ನೇಕಾರನೇ.

ಮಗ್ಗ ಬಲ್ಲವರಿಗೆ ಬಲೆ ತಿಳಿಸಿಕೊಡುವುದು ಸುಲಭ. ಜೇಡ ಮೊದಲು ಒಂದು ಎಳೆಯನ್ನು ಗಾಳಿಗೆ ತೇಲಿಬಿಡುತ್ತದೆ. ಅದು ಆಚೆ ಕೊಂಬೆಗೆ ಅಂಟಿತೋ, ಸೇತುವೆ ಸಿದ್ಧ. ಆಮೇಲೆ ಬಂಡಿ ಗಾಲಿಯ ಅರಗಳಂತೆ ನಡುವಿನಿಂದ ಸುತ್ತಲೂ ಎಳೆ ಕಟ್ಟುತ್ತದೆ, ಇದು ಹಾಸು. ಅದರ ಮೇಲೆ ಒಳಗಿನಿಂದ ಹೊರಕ್ಕೆ ಒಣ ಎಳೆಯ ಒಂದು ಸುರುಳಿ, ಬರೀ ಕಾಲೂರಲಿಕ್ಕೆ. ಕೊನೆಗೆ ಹೊರಗಿನಿಂದ ಒಳಕ್ಕೆ ಅಂಟು ತುಂಬಿದ ಎಳೆ ಸುತ್ತುತ್ತ, ಆ ಒಣ ಎಳೆಯನ್ನು ಕಡಿಯುತ್ತ ಬರುತ್ತದೆ, ಇದು ಹೊಕ್ಕು. ಬಲೆ ಹಳತಾದರೆ ತಾನೇ ನುಂಗಿ ಮತ್ತೆ ನೂಲು ಮಾಡಿಕೊಳ್ಳುತ್ತದೆ. ಅಪ್ಪನಿಗೆ ಇದನ್ನು ಹೇಳಿದ್ದರೆ ನೂಲಿನ ಸಾಲ ನೆನೆದು ನಿಟ್ಟುಸಿರು ಬಿಡುತ್ತಿದ್ದನೇನೋ.

ಇಂಥ ಚಕ್ರಬಲೆಯ ಜೇಡಗಳಿಗೆ ಹೆಸರಿಡುವ ಕೆಲಸ ಶುರುವಾದದ್ದು ಒಬ್ಬ ತೆರಿಗೆ ಅಧಿಕಾರಿಯಿಂದ. ಸ್ಟಾಕ್‌ಹೋಮ್‌ನ ಕಾರ್ಲ್ ಕ್ಲರ್ಕ್, ದಿನವಿಡೀ ಕಂದಾಯದ ಲೆಕ್ಕ ಬರೆಯುವವನು. ನಿಸರ್ಗಶಾಸ್ತ್ರಜ್ಞ ಲಿನೇಯಸ್‌ನ ಉಪನ್ಯಾಸ ಕೇಳಿದ ಮೇಲೆ ಜೇಡದ ಹುಚ್ಚು ಹಿಡಿಸಿಕೊಂಡ. 1757ರಲ್ಲಿ ಅವನು ತಂದ ಪುಸ್ತಕದಲ್ಲಿ ಸ್ವೀಡನ್ನಿನ 60ಕ್ಕೂ ಹೆಚ್ಚು ಜೇಡಗಳಿವೆ, ಬಣ್ಣದ ಚಿತ್ರಗಳೊಂದಿಗೆ. ಜಗತ್ತಿನ ಎಲ್ಲ ಪ್ರಾಣಿಗಳ ಶಾಸ್ತ್ರೀಯ ಹೆಸರು ಲೆಕ್ಕಕ್ಕೆ ಬರುವುದು ಲಿನೇಯಸ್‌ನ 1758ರ ಗ್ರಂಥದಿಂದ. ಅದಕ್ಕೂ ಮೊದಲಿನವು ರದ್ದು. ಒಂದೇ ಒಂದು ರಿಯಾಯಿತಿ, ಕ್ಲರ್ಕ್‌ನ ಜೇಡಗಳಿಗೆ. ಗುರುವಿನ ಆನೆ, ಹುಲಿ, ಮನುಷ್ಯನಿಗಿಂತ ಗುಮಾಸ್ತನ ಜೇಡಗಳಿಗೆ ಸರತಿಯಲ್ಲಿ ಮುಂದಿನ ಜಾಗ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲಿನದು ಬೇಗ ಮುಗಿಸುತ್ತೇನೆ. ನಮ್ಮ ನಾಡಿನ ಜೇಡಗಳು ಸೀಸೆಗಳಲ್ಲಿ ಹಡಗು ಹತ್ತಿದವು. ಲಂಡನ್ನಿನ ಮ್ಯೂಸಿಯಂನಲ್ಲಿದ್ದ ಪೊಕಾಕ್ 1900ರಲ್ಲಿ ಅವುಗಳ ಮೇಲೆ ದೊಡ್ಡ ಗ್ರಂಥವನ್ನೇ ತಂದ. 1916ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆ ಹುಟ್ಟಿತು, ಅಲ್ಲಿಯ ಟಿಕಾದಾರ್ 1982ರಲ್ಲಿ ಚಕ್ರಬಲೆಯ ಜೇಡಗಳ ಸಂಪುಟ ಬರೆದರು.

ಈಗ ನನಗೆ ಪ್ರೀತಿಯ ಕಥೆ. ಶಿವಮೊಗ್ಗ ಕಡೆಯ ಮಲೆನಾಡಿನಲ್ಲಿ ಕಾನು ಅಂತ ಇರುತ್ತವೆ. ದೇವರ ಹೆಸರಿನಲ್ಲಿ ಊರವರು ಉಳಿಸಿಕೊಂಡು ಬಂದ ದಟ್ಟ ಹಸಿರಿನ ಕಾಡು. ಒಳಗೆ ಕಾಳುಮೆಣಸು, ಬೈನೆ, ಸದಾ ಒದ್ದೆ ನೆಲ. ನಮ್ಮಂಥ ಬಿಸಿಲುಸೀಮೆಯವರು ಹೊಕ್ಕರೆ ಹಗಲಲ್ಲೇ ದೀಪ ಬೇಕೆನಿಸುತ್ತದೆ. ಅಂಥ ಕಾನಿನಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಲಪ್, ಸುಮುಖ ಜೆ. ಎನ್. ಎಂಬ ಮೂವರಿಗೆ ಸಿಕ್ಕಿತು 7 ಮಿಲಿಮೀಟರ್ ಉದ್ದದ ಒಂದು ಹೆಣ್ಣು ಜೇಡ. ಹಗಲಲ್ಲಿ ಒಣಗಿದ ಎಲೆಗಳ ನಡುವೆ ತಾನೂ ಒಂದು ಒಣ ಎಲೆಯಾಗಿ ಕೂರುತ್ತದೆ. ರಾತ್ರಿಯಾದರೆ ಬಲೆಗೆ ಇಳಿಯುತ್ತದೆ. ಹೊಟ್ಟೆಯ ಭಾಗ ಬುಡದಲ್ಲಿ ಅಗಲ, ಮೇಲೆ ಹೋದಂತೆ ಚೂಪು, ತುದಿ ಕೊಂಚ ಬಾಗಿದೆ. ಥೇಟ್ ಹಳೆ ಟೋಪಿ.

ಹ್ಯಾರಿ ಪಾಟರ್ ಓದಿದ ಮಕ್ಕಳು ಪಕ್ಕದಲ್ಲಿದ್ದರೆ ಕೇಳಿ. ಶಾಲೆಗೆ ಹೊಸದಾಗಿ ಬಂದ ಮಗುವಿನ ತಲೆಯ ಮೇಲಿಟ್ಟರೆ, ನೀನು ಇಂಥ ಮನೆಗೆ ಸೇರಿದವನು ಅಂತ ಹೇಳುವ ಟೋಪಿ ಒಂದಿದೆ ಅದರಲ್ಲಿ. ಅದರ ಮೊದಲ ಒಡೆಯ ಗಾಡ್ರಿಕ್ ಗ್ರಿಫಿಂಡರ್. 2016ರ ಡಿಸೆಂಬರಿನಲ್ಲಿ ಜೇಡಕ್ಕೆ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಾಯಿತು. ಕಥೆ ಬರೆದ ರೌಲಿಂಗ್ ಅವರೇ ಟ್ವಿಟರ್‌ನಲ್ಲಿ ಅಭಿನಂದಿಸಿದರು. ಪೇಪರಿನಲ್ಲಿ ಓದಿ ನನಗೆ ಸಿಟ್ಟು ಬಂತು. ನಮ್ಮ ಕಾನಿನ ಹುಳಕ್ಕೆ ಇಂಗ್ಲೆಂಡಿನ ಟೋಪಿ ಯಾಕಪ್ಪಾ? ಸೊರಬವೋ ಸಾಗರವೋ ಸಿಗಲಿಲ್ಲವೇ? ಎರಡು ದಿನ ಕಳೆದ ಮೇಲೆ ಸಿಟ್ಟು ಇಳಿಯಿತು. ಯಾವುದು ಯಾವ ಮನೆಯದು ಎಂದು ಹೇಳುವುದೇ ವರ್ಗೀಕರಣದವರ ಕಸುಬು, ಅವರ ತಲೆಗೆ ಇದಕ್ಕಿಂತ ಒಪ್ಪುವ ಟೋಪಿ ಎಲ್ಲಿದೆ? ಅಲ್ಲದೆ ಸೊರಬದ ಹೆಸರಿಟ್ಟಿದ್ದರೆ ಪೇಪರಿನವರು ಬರೆಯುತ್ತಿದ್ದರೋ ಇಲ್ಲವೋ.

ಆದರೆ ಟೋಪಿಯ ಹೋಲಿಕೆ ಕಂಡ ಮಾತ್ರಕ್ಕೆ ಹೊಸ ಜಾತಿ ಆಗುವುದಿಲ್ಲ. ಹೆಣ್ಣಿನ ಹೊಟ್ಟೆಯ ಅಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಅಂಗವೊಂದಿರುತ್ತದೆ, ಒಂದೊಂದು ಜಾತಿಗೆ ಒಂದೊಂದು ಕೀಲಿಕೈಗೆ ಮಾಡಿದ ಬೀಗದ ಹಾಗೆ. ಸೂಕ್ಷ್ಮದರ್ಶಕದ ಕೆಳಗೆ ಅದನ್ನು ನೋಡಿ, ಚಿತ್ರ ಬರೆದು, ಹಳಬರು ವರ್ಣಿಸಿದ ಪ್ರತಿಯೊಂದು ನೆಂಟ ಜಾತಿಯ ಜೊತೆ ಹೋಲಿಸಬೇಕು. ಕಾಲಿನ ಒಂದೊಂದು ಗೆಣ್ಣು ಅಳೆಯಬೇಕು. ಕೊನೆಗೆ ಆ ಒಂದು ಜೇಡ ಹೆಸರಿಗೆ ಸಾಕ್ಷಿಯಾಗಿ ಸಂಗ್ರಹಾಲಯ ಸೇರುತ್ತದೆ, ಸಿಕ್ಕ ಜಾಗದ ಚೀಟಿ ಸಮೇತ. ಮಹಾಕೂಟದವರಿಗೆ ಇದು ಹೊಸದೇನಲ್ಲ. ನಮ್ಮ ಚಾಲುಕ್ಯ ದೊರೆ ಮಂಗಳೇಶನ ಕಂಬ ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ, ಆದರೂ ಲೋಕವೆಲ್ಲ ಅದನ್ನು ಕರೆಯುವುದು ಮಹಾಕೂಟದ ಸ್ತಂಭಶಾಸನ ಅಂತಲೇ.

ಚೀಟಿಯ ಮಾತು ಬಂತು, ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹರೆಯದಲ್ಲಿ ಒಂದು ರಾತ್ರಿ ಬ್ಯಾಟರಿ ಹಿಡಿದು ತಿರುಗುವಾಗ ಸಿಕ್ಕ ಕಂದು ಜೇಡವೊಂದನ್ನು ಔಷಧದ ಸೀಸೆಗೆ ಹಾಕಿ ಸ್ಪಿರಿಟ್ ಸುರಿದಿಟ್ಟಿದ್ದೆ. ಊರು ಬರೆಯಲಿಲ್ಲ, ತಾರೀಖು ಬರೆಯಲಿಲ್ಲ. ನೆನಪಿರುತ್ತದೆ ಬಿಡು ಅಂದುಕೊಂಡಿದ್ದೆ. ಎಷ್ಟೋ ಕಾಲದ ಮೇಲೆ ಬಲ್ಲವರೊಬ್ಬರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಲ್ಲಿಯದು?" ಅಂದರು. ಮಹಾಕೂಟದ ಹಳ್ಳದ್ದೋ, ಸಿರಸಿಗೆ ಮದುವೆಗೆ ಹೋದಾಗಿನದೋ, ಹೇಳಲಾಗಲಿಲ್ಲ. ಅವರು ಮಾತಾಡದೆ ಸೀಸೆಯನ್ನು ನನ್ನ ಕೈಗೆ ವಾಪಸಿಟ್ಟರು.

ಈಗ ಕಿಸೆಯಲ್ಲಿ ಸದಾ ಚೀಟಿ ಇರುತ್ತವೆ, ಒಂದು ಪೆನ್ಸಿಲ್ಲೂ. ಪೆನ್ನಿನ ಮಸಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಆ ಸೀಸೆ ಇನ್ನೂ ನನ್ನ ಮೇಜಿನ ಮೇಲಿದೆ. ಒಳಗಿನ ಜೇಡದ ಬಣ್ಣ ಹೋಗಿದೆ. ಹೊಟ್ಟೆಯ ತುದಿ ಚೂಪಾಗಿ ಒಂದಿಷ್ಟು ಬಾಗಿದೆ.