ಪರದೇಶದಲ್ಲಿ ಗಣಕವಿದ್ಯೆ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯೆಂದರೆ ನಮ್ಮ ಹಿಂದಿನವರ ವೈಭವವನ್ನು ನೆನೆಯುವುದು, ಗೋವೆಯ ಕದಂಬರ ಕನ್ನಡ ಶಾಸನಗಳನ್ನು ಕೊಂಡಾಡುವುದು ವಾಡಿಕೆಯಾಗಿದೆ. ಅದು ಬೇಡವೆಂದು ನಾವು ಹೇಳಲಾರೆವು. ಆದರೆ ಕಾರ್ಯಕಾರಿ ಮಂಡಳಿಯವರು ಈ ಸಲ ನಮಗೆ ಒಪ್ಪಿಸಿದ ವಿಷಯವು ಹಿಂದಿನದಲ್ಲ, ಮುಂದಿನದು. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳು ಗಣಕವಿದ್ಯೆಯ ಪ್ರೌಢ ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೋಗಬಯಸಿದರೆ ಮನೆಯವರು ಏನನ್ನು ತಿಳಿದಿರಬೇಕು ಎಂಬುದು ಆ ವಿಷಯ. ಕಳೆದ ಎರಡು ಮೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಹೊತ್ತು ನಮ್ಮ ಮನೆಯ ಬಾಗಿಲಿಗೆ ಬಂದ ತಂದೆತಾಯಿಗಳು ಒಬ್ಬಿಬ್ಬರಲ್ಲ. ಅವರಲ್ಲಿ ಹೆಚ್ಚಿನವರು ವಾಸ್ಕೋ, ಝುವಾರಿನಗರಗಳ ಕಡೆಯವರು. ಬಾಗಲಕೋಟೆ, ವಿಜಯಪುರ, ಗದಗುಗಳಿಂದ ದುಡಿಮೆಗಾಗಿ ಬಂದು ಇಲ್ಲಿಯೇ ನೆಲೆ ನಿಂತವರು.

ಝುವಾರಿನಗರದ ಹೆಸರೆತ್ತಿದಾಗ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಬಸ್ಸಿನವರು ‘ಬಿರ್ಲಾ’ ಎಂದು ಕೂಗಿ ಇಳಿಸುವ ಆ ನೆಲವು ಸಾಂಕವಾಳ ಗ್ರಾಮದ ಸೀಮೆಗೆ ಸೇರಿದ್ದು. ಅದೇ ಸಾಂಕವಾಳದಲ್ಲಿ 1876ರಲ್ಲಿ ಧರ್ಮಾನಂದ ಕೋಸಂಬಿಯವರು ಹುಟ್ಟಿದರು. ಶಾಲೆಯ ಓದು ಅವರಿಗೆ ಹೆಚ್ಚು ದೊರೆತಿರಲಿಲ್ಲ. ವಿದ್ಯೆಯ ಹಸಿವಿನಿಂದ ಮನೆ ಬಿಟ್ಟು ಪುಣೆ, ಕಾಶಿ, ನೇಪಾಳ, ಸಿಂಹಳಗಳನ್ನು ಸುತ್ತಿ ಪಾಲಿ ಭಾಷೆಯನ್ನು ಕಲಿತು, ಕಡೆಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಗ್ರಂಥ ಸಂಪಾದನೆಗೆ ಕರೆಯುವಷ್ಟು ಬೆಳೆದರು. 1918ರಲ್ಲಿ ಅವರೊಡನೆ ಹಡಗು ಹತ್ತಿದ ಹನ್ನೊಂದರ ಬಾಲಕನೇ ಮುಂದೆ ಗಣಿತಜ್ಞರೂ ಇತಿಹಾಸಕಾರರೂ ಆದ ದಾಮೋದರ ಕೋಸಂಬಿ. 1929ರಲ್ಲಿ ಅವರು ಹಾರ್ವರ್ಡಿನ ಪದವೀಧರರಾದರು. ಈಗ ಅದೇ ಸೀಮೆಯಲ್ಲಿ ಬಿಟ್ಸ್ ಸಂಸ್ಥೆಯ ವಿಶಾಲ ಆವರಣವಿದೆ. 2004ರಿಂದ ಭಾರತದ ಮೂಲೆಮೂಲೆಗಳ ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಆ ಗೋಡೆಯ ಹೊರಗೆ ನಮ್ಮ ಜನರ ಮನೆಗಳಿವೆ. ಗೋಡೆಯ ಒಳಗಿನ ಓದು ತಮ್ಮದಲ್ಲವೆಂಬ ಭಾವನೆ ಹೊರಗಿನ ಮಕ್ಕಳಲ್ಲಿ ಬೇರೂರಿದೆ. ನಮ್ಮ ದೃಷ್ಟಿಯಲ್ಲಿ ಪರದೇಶದ ದೂರಕ್ಕಿಂತ ಈ ಗೋಡೆಯ ದೂರವೇ ಹೆಚ್ಚಿನದು.

ಗಣಕವಿದ್ಯೆಯನ್ನು ಪರದೇಶದಲ್ಲಿ ಕಲಿತವರಿಂದ ನಾಡಿಗೇನು ಲಾಭ ಎಂದು ಕೇಳುವವರಿದ್ದಾರೆ. ಅವರಿಗೆ ನಾವು ವಿ. ರಾಜಾರಾಮನ್ ಅವರ ಉದಾಹರಣೆಯನ್ನು ಕೊಡುತ್ತೇವೆ. ಈರೋಡಿನಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಭಾರತ ಸರ್ಕಾರದ ಶಿಷ್ಯವೇತನದ ಮೇಲೆ ಅಮೆರಿಕಕ್ಕೆ ಹೋದವರು ಅವರು. 1959ರಲ್ಲಿ ಎಂ.ಐ.ಟಿ.ಯಿಂದ ಸ್ನಾತಕೋತ್ತರ ಪದವಿಯನ್ನೂ 1961ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದು ಹಿಂದಿರುಗಿ ಕಾನಪುರದ ಐ.ಐ.ಟಿ.ಯನ್ನು ಸೇರಿದರು. 1963ರಲ್ಲಿ ಅಲ್ಲಿಗೆ ಐ.ಬಿ.ಎಂ. 1620 ಎಂಬ ಗಣಕಯಂತ್ರ ಬಂದಿತು. ಅದರ ಸುತ್ತ ಅವರೂ ಅವರ ಸಹೋದ್ಯೋಗಿಗಳೂ ಕಟ್ಟಿದ ಪಾಠಕ್ರಮವೇ ನಮ್ಮ ದೇಶದಲ್ಲಿ ಈ ವಿದ್ಯೆಯ ವ್ಯವಸ್ಥಿತ ಬೋಧನೆಗೆ ನಾಂದಿಯಾಯಿತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎನ್. ಆರ್. ನಾರಾಯಣಮೂರ್ತಿಯವರು 1969ರಲ್ಲಿ ಎಂ.ಟೆಕ್. ಪದವಿ ಪಡೆದದ್ದೂ ಅದೇ ಕಾನಪುರದಲ್ಲಿ. ಮುಂದೆ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯ ಮಹಾಗಣಕ ಕೇಂದ್ರವನ್ನು ಕಟ್ಟಿದವರೂ ರಾಜಾರಾಮನ್ನರೇ.

ಇನ್ನು ಹೋದವರೆಲ್ಲ ಹಿಂದಿರುಗಲೇಬೇಕೆಂದು ನಾವು ಹಟ ಹಿಡಿಯುವುದಿಲ್ಲ. ನಮಗೆ ರೈಲಿನಲ್ಲಿ ಒಂದು ಹಗಲಿನ ದಾರಿಯಲ್ಲಿರುವ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರನ್ನು ನೋಡಿರಿ. ಮದರಾಸಿನ ಐ.ಐ.ಟಿ.ಯಲ್ಲಿ ಪದವಿ ಮುಗಿಸಿ 1970ರ ದಶಕದಲ್ಲಿ ಕೆನಡಾಕ್ಕೆ ಹೋದರು. ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ, ಕಿಂಗ್‌ಸ್ಟನ್ ಊರಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್. ಅವರು ಆರಿಸಿಕೊಂಡ ವಿಷಯ ದತ್ತಾಂಶ ಸಂವಹನ. ಒಂದು ದೀರ್ಘ ಓಲೆಯನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡಿಗೂ ವಿಳಾಸವನ್ನು ಬರೆದು ರವಾನಿಸಿ, ಆ ಕಡೆಯಲ್ಲಿ ಮತ್ತೆ ಕ್ರಮವಾಗಿ ಜೋಡಿಸಿಕೊಳ್ಳುವುದೇ ಅದರ ತಿರುಳು. ಒಂದು ಗಣಕವು ಇನ್ನೊಂದರೊಡನೆ ಮಾತನಾಡುವ ಬಗೆ ಇದು. ಆಗ ಇದು ಬೆರಳೆಣಿಕೆಯ ಜನರ ವಿಷಯವಾಗಿತ್ತು. ಇಂದು ನಿಮ್ಮ ಕಿಸೆಯಲ್ಲಿರುವ ದೂರವಾಣಿಯು ಬದುಕಿರುವುದೇ ಇದರಿಂದ. ಅವರು 1990ರಲ್ಲಿ ಸ್ಥಾಪಿಸಿದ ಕ್ಯಾಸ್ಕೇಡ್ ಎಂಬ ಕಂಪನಿಯು 1997ರಲ್ಲಿ 370 ಕೋಟಿ ಡಾಲರಿಗೆ ಮಾರಾಟವಾಯಿತು. ಮುಂದೆ ಕಟ್ಟಿದ ಸೈಕಮೋರ್ ಕಂಪನಿಯ ಷೇರುಗಳು 1999ರಲ್ಲಿ ಗಗನಕ್ಕೇರಿ, ಒಂದೆರಡು ವರ್ಷಗಳಲ್ಲಿ ನೆಲಕ್ಕಿಳಿದವು. ಈ ವಿದ್ಯೆಯ ಮಾರುಕಟ್ಟೆ ಎಂಥದೆಂಬುದನ್ನು ತಿಳಿಯಲು ಆ ಇಳಿತವನ್ನೂ ನೆನಪಿಡುವುದು ಒಳ್ಳೆಯದು. ಅವರು ಅಲ್ಲಿಯೇ ನೆಲೆಸಿದರು. ಆದರೆ ಅವರ ಹೆಸರಿನ ಪ್ರತಿಷ್ಠಾನವು ಹುಬ್ಬಳ್ಳಿಯಲ್ಲಿ ಉತ್ತರ ಕರ್ನಾಟಕದ ತರುಣರಿಗಾಗಿ ಕೆಲಸ ಮಾಡುತ್ತಿದೆ.

ಇವರೆಲ್ಲ ಬಹು ದೊಡ್ಡವರು, ನಮ್ಮ ಮಕ್ಕಳ ಮಾತೇನು ಎಂದು ನೀವು ಕೇಳಬಹುದು. ಅದಕ್ಕಾಗಿ ನಮ್ಮ ಪರಿಚಯದ ಒಂದು ಮನೆಯ ಸಂಗತಿಯನ್ನು, ಹೆಸರು ಹೇಳದೆ, ನಿಮ್ಮ ಮುಂದಿಡುತ್ತೇವೆ. ತಂದೆ ವೆಲ್ಡಿಂಗ್ ಕೆಲಸದವರು, ಬಾದಾಮಿಯ ಕಡೆಯವರು. ಮಗಳು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮುಂದೆ ಇಲ್ಲಿಯೇ ಗಣಕ ಇಂಜಿನಿಯರಿಂಗ್ ಮುಗಿಸಿದಳು. ಜರ್ಮನಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಅವಳ ಆಸೆ. ಒಬ್ಬ ದಲ್ಲಾಳಿಯು ಮನೆಗೆ ಬಂದು, ದೊಡ್ಡ ಶುಲ್ಕದ ಒಂದು ಖಾಸಗಿ ಸಂಸ್ಥೆಯ ಚಿತ್ರಪುಸ್ತಕವನ್ನು ತೋರಿಸಿ, ಊರಿನ ಎರಡೆಕರೆ ಹೊಲವನ್ನು ಮಾರಿದರೆ ಸಾಕೆಂದು ಲೆಕ್ಕವನ್ನೂ ಬರೆದುಕೊಟ್ಟನು. ಸಂಚಕಾರದ ಮಾತು ನಡೆದಿದ್ದಾಗ ತಂದೆ ನಮ್ಮ ಬಳಿಗೆ ಬಂದರು.

ನಾವು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಪ್ರತಿ ಅವಧಿಗೆ ಕೊಂಚ ಸಲ್ಲಿಕೆಯ ಹಣ ಮಾತ್ರ. ಬಾಡೆನ್-ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಪ್ರತಿ ಅವಧಿಗೆ 1,500 ಯೂರೋ ಇದೆ; ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾನಿಲಯವೂ 2024ರಿಂದ ಶುಲ್ಕವನ್ನು ವಿಧಿಸಿದೆ. ಆದರೆ ಜೀವನ ನಿರ್ವಹಣೆಗೆ ಹಣವಿದೆಯೆಂದು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು ವರ್ಷಕ್ಕೆ 11,904 ಯೂರೋ, ಅಂದರೆ ಸುಮಾರು ಹನ್ನೆರಡು ಲಕ್ಷ ರೂಪಾಯಿ. ಈ ಅಂಕಿಯನ್ನು ಕೇಳಿದೊಡನೆ ತಂದೆಯ ಮುಖ ಬಾಡಿತು. ಆದರೆ ಇದು ಯಾರಿಗೋ ಕೊಟ್ಟು ಕಳೆದುಕೊಳ್ಳುವ ಹಣವಲ್ಲ. ಮಗಳ ಹೆಸರಿನಲ್ಲಿಯೇ ಇಟ್ಟು, ತಿಂಗಳಿಗೆ 992 ಯೂರೋದಂತೆ ಅವಳ ಕೈಗೇ ಮರಳುವಂಥದು. ಅದರಲ್ಲಿಯೇ ಅವಳ ಬಾಡಿಗೆ, ಊಟ, ವಿಮೆ ನಡೆಯಬೇಕು. ಇದಕ್ಕೆ ಬ್ಯಾಂಕಿನ ವಿದ್ಯಾಭ್ಯಾಸದ ಸಾಲ ದೊರೆಯುತ್ತದೆ. ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿ ಸಮುದಾಯಗಳವರಿಗೆ, ಭೂಹೀನ ಕೃಷಿಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯವು ವರ್ಷಕ್ಕೆ 125 ಸಾಗರೋತ್ತರ ಶಿಷ್ಯವೇತನಗಳನ್ನು ಇಟ್ಟಿದೆ. ಮನೆಯ ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿಯನ್ನು ಮೀರಿರಬಾರದು. ಈ ಸಭೆಯಲ್ಲಿ ಕುಳಿತಿರುವ ಎಷ್ಟು ಮನೆಗಳಿಗೆ ಇದು ಅನ್ವಯಿಸುತ್ತದೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆ ದಲ್ಲಾಳಿಯು ಇದಾವುದನ್ನೂ ಹೇಳಿರಲಿಲ್ಲ.

ಹೊಲ ಉಳಿಯಿತು. ಮಗಳು ಒಂದು ವರ್ಷ ಇಲ್ಲಿ ನೌಕರಿ ಮಾಡಿ, ಸಾಲವನ್ನು ಪಡೆದು, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿಗಳೊಡನೆ ವಿಮಾನ ಹತ್ತಿದಳು.

ಅಲ್ಲಿಂದ ಅವಳು ತಿಳಿಸಿದ ಸಂಗತಿಗಳಲ್ಲಿ ಕೆಲವು ನಗೆ ತರಿಸುವಂಥವು. ಮೊದಲ ಪರೀಕ್ಷೆಯಲ್ಲಿ ತನಗೆ ‘ಒಂದು ಪಾಯಿಂಟ್ ಮೂರು’ ಬಂದಿತೆಂದು ಸಂತೋಷದಿಂದ ಹೇಳಿದಾಗ ತಂದೆ ರಾತ್ರಿಯೆಲ್ಲ ನಿದ್ರೆಗೆಟ್ಟರು. ಜರ್ಮನಿಯಲ್ಲಿ ಒಂದು ಎಂಬುದು ಅತ್ಯುತ್ತಮ, ನಾಲ್ಕು ಎಂಬುದು ತೇರ್ಗಡೆಯ ಅಂಚು, ಐದು ಎಂದರೆ ಅನುತ್ತೀರ್ಣ ಎಂಬುದನ್ನು ಬೆಳಗ್ಗೆ ನಾವು ತಿಳಿಸಿ ಹೇಳಬೇಕಾಯಿತು. ಇನ್ನು ಕೆಲವು ಸಂಗತಿಗಳು ಗಂಭೀರವಾದವು. ಅಲ್ಲಿ ಅನೇಕ ವಿಷಯಗಳಿಗೆ ಅವಧಿಯ ಕೊನೆಯಲ್ಲಿ ಒಂದೇ ಪರೀಕ್ಷೆ. ಅನೇಕ ವಿದ್ಯಾಪೀಠಗಳಲ್ಲಿ ಕಡ್ಡಾಯ ವಿಷಯವೊಂದರಲ್ಲಿ ಮೂರು ಸಲ ಸೋತವರು ಆ ವ್ಯಾಸಂಗವನ್ನೇ ಬಿಡಬೇಕಾಗುತ್ತದೆ. ತರಗತಿಗೆ ಬಂದಿರಾ ಎಂದು ಹೆಚ್ಚಿನ ಪಾಠಗಳಲ್ಲಿ ಯಾರೂ ಹಾಜರಿ ಕೂಗುವುದಿಲ್ಲ. ಓದಿದೆಯಾ ಎಂದು ಗದರಿಸುವವರಿಲ್ಲ. ನಮ್ಮ ಕಾಲೇಜುಗಳಲ್ಲಿ ಗೆಳೆಯನ ಪ್ರಾಯೋಗಿಕ ಜರ್ನಲನ್ನು ಇದ್ದಂತೆ ಇಳಿಸಿಕೊಳ್ಳುವುದು ಸ್ನೇಹದ ಕುರುಹೆನಿಸಿದೆ. ಅಲ್ಲಿ ಇನ್ನೊಬ್ಬರು ಬರೆದ ಕ್ರಮವಿಧಿಯ ನಾಲ್ಕು ಸಾಲುಗಳನ್ನು ತನ್ನದೆಂದು ಒಪ್ಪಿಸಿದರೂ ಅದು ಕಳವು. ಯಂತ್ರವೇ ನಕಲನ್ನು ಹುಡುಕಿ ತೆಗೆಯುತ್ತದೆ. ಈ ಒಂದು ಅಭ್ಯಾಸವನ್ನು ಇಲ್ಲಿಯೇ ಬಿಡಿಸುವುದು ಹತ್ತು ಇಂಗ್ಲಿಷ್ ಶಿಕ್ಷಣ ತರಗತಿಗಳಿಗಿಂತ ಮೇಲು.

ಇಂಗ್ಲಿಷಿನ ಮಾತು ಬಂದಿತು. ಕನ್ನಡ ಮಾಧ್ಯಮದ ಮನೆಗಳ ದೊಡ್ಡ ಭಯ ಇದೇ. ಭಯಕ್ಕೆ ಕಾರಣವಿಲ್ಲವೆಂದು ಹೇಳಿದರೆ ಅದು ಮುಖಸ್ತುತಿಯಾದೀತು. ಪ್ರವೇಶಕ್ಕೆ ಇಂಗ್ಲಿಷ್ ಪರೀಕ್ಷೆಯಿದೆ; ಪ್ರಬಂಧಗಳನ್ನು ಆ ಭಾಷೆಯಲ್ಲಿಯೇ ಬರೆಯಬೇಕು; ಬಾಡಿಗೆಯ ಮನೆ ಹುಡುಕಲು ಜರ್ಮನ್ ಭಾಷೆ ಬೇಕು. ಆದರೆ ಗಣಕವಿದ್ಯೆಯ ಒಳಗಿನ ಭಾಷೆ ಬೇರೆಯದು. ‘ಸಿ’ ಎಂಬ ಪ್ರಸಿದ್ಧ ಕ್ರಮವಿಧಿ ಭಾಷೆಯ 1989ರ ಪ್ರಮಾಣಿತ ರೂಪದಲ್ಲಿರುವ ಮೀಸಲು ಪದಗಳು ಕೇವಲ 32. ಅವುಗಳನ್ನು ಒಂದು ಸಂಜೆಯಲ್ಲಿ ಕಂಠಪಾಠ ಮಾಡಬಹುದು. ಅವುಗಳಿಂದ ಗೊಂದಲವಿಲ್ಲದ ವಿಚಾರವನ್ನು ಕಟ್ಟುವುದು ಕಷ್ಟ. ಈ ಶಾಸ್ತ್ರದ ಮಹಾಪಂಡಿತರಲ್ಲೊಬ್ಬರಾದ, ಹಾಲೆಂಡ್ ದೇಶದ ಎಡ್ಸ್‌ಖರ್ ಡೈಕ್‌ಸ್ಟ್ರಾ ಅವರು 1975ರ ಒಂದು ಟಿಪ್ಪಣಿಯಲ್ಲಿ, ಗಣಿತದ ಒಲವಿನ ಜೊತೆಗೆ ಕ್ರಮವಿಧಿಕಾರನಿಗೆ ಎಲ್ಲಕ್ಕಿಂತ ಅಗತ್ಯವಾದುದು ತನ್ನ ತಾಯ್ನುಡಿಯ ಮೇಲಿನ ಅಸಾಧಾರಣ ಪ್ರಭುತ್ವ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ. ಇಂಗ್ಲಿಷಿನ ಪ್ರಭುತ್ವವೆಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಹುಡುಗಿಗೆ ಇದು ಒಂದು ದಿನ ಪ್ರತ್ಯಕ್ಷವಾಗಿಯೇ ಅನುಭವಕ್ಕೆ ಬಂದಿತಂತೆ. ಪಾಠದಲ್ಲಿ ಅಕ್ಷರಗಳನ್ನು ಗಣಕವು ಹೇಗೆ ಕೂಡಿಡುತ್ತದೆಂಬ ಚರ್ಚೆ ನಡೆದಿತ್ತು. ಪದವೊಂದರ ಉದ್ದವನ್ನು ಎಣಿಸುವುದು ಸುಲಭವೆಂದು ಉಳಿದವರು ತಿಳಿದಿದ್ದರು. ಇವಳು ಎದ್ದು ಹೋಗಿ ಹಲಗೆಯ ಮೇಲೆ ‘ಕನ್ನಡ’ ಎಂದು ಬರೆದಳು. ಓದುವವನ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಅದು ಐದು ಸಂಕೇತಗಳು: ಕ, ನ, ವಿರಾಮ ಚಿಹ್ನೆ, ಮತ್ತೆ ನ, ಕಡೆಗೆ ಡ. ಪ್ರಚಲಿತ ಯುಟಿಎಫ್-8 ಕ್ರಮದಲ್ಲಿ ಅದನ್ನು ಕೂಡಿಡಲು ಹದಿನೈದು ಬೈಟು ಬೇಕು. ಹಾಗಾದರೆ ಈ ಪದದ ಉದ್ದ ಮೂರೋ, ಐದೋ, ಹದಿನೈದೋ? ಆ ತಾಸಿನ ಉಳಿದ ಪಾಠವೆಲ್ಲ ನಮ್ಮ ಒತ್ತಕ್ಷರದ ಮೇಲೆಯೇ ನಡೆಯಿತಂತೆ. ನಾಲ್ಕನೆಯ ಇಯತ್ತೆಯವರೆಗೆ ಒತ್ತಕ್ಷರಗಳನ್ನು ತಿದ್ದಿಸಿದ ನಮ್ಮ ಶಾಲೆಯ ಗುರುಮಾತೆಯವರಿಗೆ ಈ ಸುದ್ದಿಯನ್ನು ತಲುಪಿಸಿದಾಗ ಅವರು ಒಂದು ಕ್ಷಣ ಮಾತನಾಡಲಿಲ್ಲ.

ದುಡಿಮೆಯ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇವೆ. ಜರ್ಮನಿಯಲ್ಲಿ 2024ರಿಂದ ಪರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನಗಳು ಕೆಲಸ ಮಾಡಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳ ಅವಕಾಶವುಂಟು. ಅಮೆರಿಕದ ಮಾತು ಬೇರೆ. ಅಲ್ಲಿ ಶುಲ್ಕ ಹೆಚ್ಚು. ಅಲ್ಲದೆ 2025ರ ಸೆಪ್ಟೆಂಬರಿನಲ್ಲಿ ಉದ್ಯೋಗದ ಎಚ್-1ಬಿ ಪರವಾನಗಿಯ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಘೋಷಿಸಲಾಯಿತು. ಅಲ್ಲಿ ನೌಕರಿ ಸಿಕ್ಕೇ ಸಿಗುತ್ತದೆಂಬ ನಂಬಿಕೆಯಿಂದ ಮನೆಯನ್ನು ಒತ್ತೆಯಿಡುವುದು ಜೂಜಿಗೆ ಸಮಾನ. ಅಲ್ಲಿಯ ಕಾಯಿದೆಗಳು ನಮ್ಮ ಮಕ್ಕಳ ಓದು ಮುಗಿಯುವವರೆಗೆ ಕಾಯುವುದಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಸಾಲದ ಕಾಗದಕ್ಕೆ ಹೆಬ್ಬೆಟ್ಟೊತ್ತುವ ಮೊದಲು, ಮಗನಿಗೆ ಪರದೇಶದಲ್ಲಿ ಕೆಲಸ ಸಿಗದೆ ಇಲ್ಲಿಗೇ ಮರಳಿ ಬಂದರೂ ಇಲ್ಲಿಯ ಸಂಬಳದಿಂದ ಅದನ್ನು ತೀರಿಸಬಹುದೆ ಎಂದು ಲೆಕ್ಕ ಹಾಕಿರೆಂದು ಹೇಳುತ್ತಿದ್ದೇವೆ.

ಹೆಣ್ಣುಮಕ್ಕಳನ್ನು ಅಷ್ಟು ದೂರ ಒಂಟಿಯಾಗಿ ಕಳಿಸುವುದು ಹೇಗೆಂದು ಕೆಲವು ತಾಯಂದಿರು ಕೇಳುತ್ತಾರೆ. ಮದುವೆ ಮಾಡಿ ಅಪರಿಚಿತ ಮನೆಗೆ ಕಳಿಸುವಾಗ ಇಷ್ಟು ವಿಚಾರಣೆಯನ್ನು ನಾವು ಮಾಡುತ್ತೇವೆಯೆ, ತಾಯಂದಿರೆ?

ಕಡೆಯದಾಗಿ ಒಂದು ಕಾಗದಪತ್ರದ ಸಂಗತಿ. ಜರ್ಮನಿಗೆ ಹೋಗುವ ನಮ್ಮ ದೇಶದ ವಿದ್ಯಾರ್ಥಿಗಳು 2022ರ ನವೆಂಬರಿನಿಂದ ತಮ್ಮ ವಿದ್ಯಾಭ್ಯಾಸದ ದಾಖಲೆಗಳನ್ನು ಎ.ಪಿ.ಎಸ್. ಎಂಬ ಕಚೇರಿಯಿಂದ ಪರಿಶೀಲಿಸಿಕೊಂಡು ಪ್ರಮಾಣಪತ್ರವನ್ನು ಪಡೆಯಬೇಕು. ನಮ್ಮವರ ಕಷ್ಟ ಇಲ್ಲಿಯೇ. ಹುಟ್ಟಿದ ದಾಖಲೆ ಊರಿನದು, ಅದರಲ್ಲಿ ತಂದೆಯ ಹೆಸರು ಒಂದು ಬಗೆ. ಶಾಲೆಯ ದಾಖಲೆ ಗೋವೆಯದು, ಅದರಲ್ಲಿ ಮನೆತನದ ಹೆಸರು ಸೇರಿ ಇನ್ನೊಂದು ಬಗೆ. ಆಧಾರಿನಲ್ಲಿ ಇಂಗ್ಲಿಷ್ ಕಾಗುಣಿತ ಮೂರನೆಯ ಬಗೆ. ಬಸಪ್ಪ, ಬಸವಪ್ಪ, ಬಸವರಾಜ ಒಬ್ಬನೇ ಎಂಬುದು ನಮಗೆ ಗೊತ್ತು, ಆ ಕಚೇರಿಗೆ ಗೊತ್ತಿಲ್ಲ. ಕೊನೆಯ ತಿಂಗಳಲ್ಲಿ ಇದನ್ನು ತಿದ್ದಿಸಲು ಬಾದಾಮಿಗೂ ಪಣಜಿಗೂ ಓಡಾಡುವುದಕ್ಕಿಂತ, ಮಗು ಹತ್ತನೆಯ ಇಯತ್ತೆಯ ಪರೀಕ್ಷೆಯ ಅರ್ಜಿಯನ್ನು ತುಂಬುವ ಮೊದಲೇ ಸರಿಪಡಿಸಿಕೊಳ್ಳಿರಿ. ಪ್ರತಿ ಭಾನುವಾರ ಬೆಳಗ್ಗೆ ನಾವು ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇವೆ. ಮಕ್ಕಳ ಮೂಲ ದಾಖಲೆಗಳನ್ನೆಲ್ಲ ಒಂದು ಚೀಲದಲ್ಲಿ ತನ್ನಿರಿ; ಒಂದೊಂದನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರುಗಳನ್ನು ಹೋಲಿಸಿ ನೋಡೋಣ.